ಎಕೋ ವರದಿಯಲ್ಲಿ ಇಲ್ಲದ್ದು: ಹೃದ್ರೋಗಿಯ ಆರೋಗ್ಯಸ್ಥಿತಿಯನ್ನೂ ಬದುಕಿನ ಗುಣಮಟ್ಟವನ್ನೂ ಅಳೆಯುವ ಬಗೆ

ಕಲಬುರಗಿ, ಬೀದರ್, ಯಾದಗಿರಿ ಜಿಲ್ಲೆಗಳ ಹಳ್ಳಿಗಳಿಂದ ಹೃದಯದ ತಪಾಸಣೆಗೆಂದು ಬರುವವರ ಕೈಚೀಲದಲ್ಲಿ ಇಸಿಜಿ ಪಟ್ಟಿ, ಎಕೋ (ಹೃದಯದ ಸ್ಕ್ಯಾನ್) ವರದಿ, ರಕ್ತಪರೀಕ್ಷೆಯ ಹಾಳೆ, ಕೆಲವೊಮ್ಮೆ ಆಂಜಿಯೋಗ್ರಾಂನ ಸಿ.ಡಿ. ಇರುತ್ತವೆ. ಹೃದಯ ಎಷ್ಟು ರಕ್ತ ಹೊರಹಾಕುತ್ತಿದೆ, ಯಾವ ರಕ್ತನಾಳ ಎಷ್ಟು ಕಟ್ಟಿಕೊಂಡಿದೆ ಎಂಬುದೆಲ್ಲ ಅವುಗಳಲ್ಲಿ ಬರೆದಿರುತ್ತದೆ. ಆದರೆ ಚೀಲ ಹಿಡಿದು ಬಂದವರು ಹೊಲದವರೆಗೆ ನಡೆದು ಹೋಗಬಲ್ಲರೇ, ರಾತ್ರಿ ಅಂಗಾತ ಮಲಗಬಲ್ಲರೇ, ಕಳೆದ ತಿಂಗಳು ನಂಟರ ಮನೆಯ ಮದುವೆಗೆ ಹೋಗಲಾಗದೆ ಉಳಿದರೇ ಎಂಬುದು ಯಾವ ಕಾಗದದಲ್ಲೂ ಇರುವುದಿಲ್ಲ. ವೈದ್ಯರು 'ಹ್ಯಾಂಗಿದ್ದೀರಿ?' ಎಂದು ಕೇಳುತ್ತಾರೆ, ರೋಗಿ 'ಆರಾಮ್ ಇದ್ದೀನ್ರಿ' ಎನ್ನುತ್ತಾರೆ, ಮಾತ್ರೆಯ ಚೀಟಿ ಮುಂದುವರಿಯುತ್ತದೆ. ಈ ಪ್ರಶ್ನೆ ಮತ್ತು ಈ ಉತ್ತರವನ್ನೇ ರಕ್ತದೊತ್ತಡವನ್ನು ಅಳೆಯುವಷ್ಟು ಶಿಸ್ತಿನಿಂದ ಅಳೆಯಲು ಸಾಧ್ಯವಿದೆ. ಅದಕ್ಕೆಂದೇ ಕಳೆದ ನಾಲ್ಕು ದಶಕಗಳಲ್ಲಿ ಒಂದು ಶಾಸ್ತ್ರವೇ ಬೆಳೆದಿದೆ. ಅದು ಹೇಗೆ ಕೆಲಸ ಮಾಡುತ್ತದೆ, ನಮ್ಮ ಭಾಗದಲ್ಲಿ ಅದನ್ನು ಬಳಸುವಾಗ ಎಲ್ಲಿ ಎಡವಬಹುದು ಎಂಬುದನ್ನು ಇಲ್ಲಿ ವಿವರಿಸಲಾಗಿದೆ.

ಈ ವಿಷಯಕ್ಕೆ ನಮ್ಮಲ್ಲಿ ಈಗ ಹೆಚ್ಚು ಮಹತ್ವ ಬಂದಿರುವುದಕ್ಕೆ ಕಾರಣವೂ ಇದೆ. ಹಿಂದೆ ಹೃದಯಾಘಾತವಾದರೆ ಸೊಲ್ಲಾಪುರಕ್ಕೋ ಹೈದರಾಬಾದಿಗೋ ಓಡಬೇಕಾಗಿದ್ದ ಭಾಗ ಇದು. ಜಿಮ್ಸ್ (ಕಲಬುರಗಿಯ ಸರ್ಕಾರಿ ವೈದ್ಯಕೀಯ ಕಾಲೇಜು) ಆವರಣದಲ್ಲಿ ನಡೆಯುತ್ತಿದ್ದ ಜಯದೇವ ಹೃದ್ರೋಗ ಸಂಸ್ಥೆಯ ಕಲಬುರಗಿ ಶಾಖೆಗೆ 2024ರ ಡಿಸೆಂಬರಿನಲ್ಲಿ ಸ್ವಂತ ಆಸ್ಪತ್ರೆ ಸಿಕ್ಕಿತು. ಈ ಭಾಗಕ್ಕೆ ವಿಶೇಷ ಸ್ಥಾನಮಾನ ಕೊಟ್ಟ ಸಂವಿಧಾನದ 371ನೇ ಜೆ ವಿಧಿಯನ್ನು ನೆನಪಿಸುವಂತೆ ಅದಕ್ಕೆ 371 ಹಾಸಿಗೆಗಳು. ಡಾ. ಪುನೀತ್ ರಾಜ್‌ಕುಮಾರ್ ಹೃದಯಜ್ಯೋತಿ ಯೋಜನೆಯಡಿ ರಕ್ತದ ಹೆಪ್ಪು ಕರಗಿಸುವ ಚುಚ್ಚುಮದ್ದು ತಾಲ್ಲೂಕು ಆಸ್ಪತ್ರೆಗಳ ಮಟ್ಟಕ್ಕೆ ಬಂದಿದೆ. ಚಿಕಿತ್ಸೆ ಹತ್ತಿರವಾದಷ್ಟೂ ಬದುಕುಳಿಯುವವರು ಹೆಚ್ಚುತ್ತಾರೆ, ಹಾಗೆ ಉಳಿದವರು ಮುಂದೆ ಹೇಗೆ ಬದುಕುತ್ತಿದ್ದಾರೆ ಎಂಬ ಪ್ರಶ್ನೆ ಆಗ ತಾನಾಗಿಯೇ ಎದುರಾಗುತ್ತದೆ.

ಮೊದಲು ಮೂರು ಸಂಗತಿಗಳನ್ನು ಬೇರ್ಪಡಿಸಿಕೊಳ್ಳಬೇಕು. ರೋಗದ ತೀವ್ರತೆ ಎಂಬುದು ಹೃದಯದ ಅಂಗರಚನೆಗೂ ಕೆಲಸಕ್ಕೂ ಸಂಬಂಧಿಸಿದ್ದು. ಅದನ್ನು ಯಂತ್ರಗಳು ತೋರಿಸುತ್ತವೆ. ಆರೋಗ್ಯಸ್ಥಿತಿ ಎಂಬುದು ರೋಗಿಗೆ ಆಗುತ್ತಿರುವ ಲಕ್ಷಣಗಳು ಮತ್ತು ಆ ಲಕ್ಷಣಗಳಿಂದ ಅವರು ಮಾಡಲಾಗದೆ ಉಳಿದ ಕೆಲಸಗಳು. ಎದೆನೋವು ವಾರಕ್ಕೆ ಎಷ್ಟು ಸಲ, ದಮ್ಮು ಯಾವಾಗ ಬರುತ್ತದೆ, ಎಷ್ಟು ದೂರ ನಡೆದರೆ ನಿಲ್ಲಬೇಕಾಗುತ್ತದೆ ಎಂಬಂಥವು. ಬದುಕಿನ ಗುಣಮಟ್ಟ ಇನ್ನೂ ಮುಂದಿನದು: ತಾನು ಮಾಡಬಯಸುವುದಕ್ಕೂ ಮಾಡಬಲ್ಲದ್ದಕ್ಕೂ ನಡುವೆ ಇರುವ ಅಂತರ, ಮತ್ತು ಆ ಅಂತರ ತನ್ನನ್ನು ಎಷ್ಟು ಕಾಡುತ್ತಿದೆ ಎಂಬ ರೋಗಿಯ ಸ್ವಂತ ತೀರ್ಪು. ಇಬ್ಬರಿಗೂ ಒಂದು ಫರ್ಲಾಂಗ್ ನಡೆದರೆ ದಮ್ಮು ಹತ್ತುತ್ತದೆ ಎಂದಿಟ್ಟುಕೊಳ್ಳೋಣ. ಒಬ್ಬರು ಪಿಂಚಣಿ ಪಡೆದು ಕಲಬುರಗಿಯ ಮನೆಯಲ್ಲಿ ಪತ್ರಿಕೆ ಓದಿಕೊಂಡಿರುವ ನಿವೃತ್ತ ಶಿಕ್ಷಕರು, ಇನ್ನೊಬ್ಬರು ಸೇಡಂ ಕಡೆಯ ಕೂಲಿಕಾರರು. ಇಬ್ಬರ ಆರೋಗ್ಯಸ್ಥಿತಿ ಬಹುಮಟ್ಟಿಗೆ ಒಂದೇ, ಬದುಕಿನ ಗುಣಮಟ್ಟ ಒಂದೇ ಅಲ್ಲ. ವಿಶ್ವ ಆರೋಗ್ಯ ಸಂಸ್ಥೆ 1948ರಲ್ಲಿ ಜಾರಿಗೆ ಬಂದ ತನ್ನ ಸಂವಿಧಾನದಲ್ಲಿಯೇ ಆರೋಗ್ಯವೆಂದರೆ ರೋಗವಿಲ್ಲದಿರುವುದಷ್ಟೇ ಅಲ್ಲ, ದೈಹಿಕ, ಮಾನಸಿಕ, ಸಾಮಾಜಿಕ ಕ್ಷೇಮ ಎಂದು ಹೇಳಿದ್ದರೂ ಆ ಮಾತನ್ನು ಅಂಕಿಗೆ ಇಳಿಸುವ ಸಾಧನಗಳು ಹೃದ್ರೋಗದ ಕ್ಷೇತ್ರಕ್ಕೆ ಬಂದದ್ದು ಬಹಳ ತಡವಾಗಿ.

ಎಕೋ ವರದಿಯ ಅಂಕಿಯೇ ಸಾಲದೇ ಎಂದು ಕೇಳುವವರಿದ್ದಾರೆ. 'ಇ.ಎಫ್.' ಎಂದು ಬರೆದಿರುವ ಇಜೆಕ್ಷನ್ ಫ್ರ್ಯಾಕ್ಷನ್, ಹೃದಯದ ಎಡ ಹೃತ್ಕುಕ್ಷಿಯಲ್ಲಿ ತುಂಬಿದ ರಕ್ತದಲ್ಲಿ ಪ್ರತಿ ಬಡಿತಕ್ಕೆ ಶೇಕಡಾ ಎಷ್ಟು ಹೊರಹೋಗುತ್ತದೆ ಎಂಬುದನ್ನು ಹೇಳುತ್ತದೆ. ಔಷಧ ಆರಿಸಲು, ಅಪಾಯವನ್ನು ಅಂದಾಜಿಸಲು ಅದು ಅತ್ಯಗತ್ಯ. ಆದರೆ ಅದು ರೋಗಿಯ ದಮ್ಮಿನ ಅಳತೆ ಅಲ್ಲ. ಇ.ಎಫ್. 30ರಷ್ಟು ಕಡಿಮೆ ಇದ್ದೂ ಊರಲ್ಲಿ ಓಡಾಡಿಕೊಂಡಿರುವವರಿದ್ದಾರೆ. ಬಾಲ್ಯದ ರುಮ್ಯಾಟಿಕ್ ಜ್ವರದಿಂದ ಮೈಟ್ರಲ್ ಕವಾಟ ಕಿರಿದಾದ ಮಹಿಳೆಗೆ ಇ.ಎಫ್. ಸಹಜ ಮಟ್ಟದ 60 ಇದ್ದರೂ ಎರಡು ಕೊಡ ನೀರು ತರುವಷ್ಟರಲ್ಲಿ ಉಸಿರು ಕಟ್ಟುತ್ತದೆ, ಏಕೆಂದರೆ ಅಲ್ಲಿ ತೊಂದರೆ ಇರುವುದು ರಕ್ತ ಹೊರಹೋಗುವ ಕಡೆಯಲ್ಲ, ಒಳಬರುವ ಕಡೆ. ಶ್ವಾಸಕೋಶದಲ್ಲಿ ಏರಿದ ಒತ್ತಡ, ಕೆಲಸವಿಲ್ಲದೆ ಸೊರಗಿದ ಕಾಲಿನ ಸ್ನಾಯುಗಳು, ಹೃದಯದ ತಾಳ ತಪ್ಪುವಿಕೆ, ಮೂತ್ರಪಿಂಡದ ತೊಂದರೆ, ಇವೆಲ್ಲ ಸೇರಿ ದಮ್ಮನ್ನು ನಿರ್ಧರಿಸುತ್ತವೆ. ಕಬ್ಬಿಣಾಂಶದ ಕೊರತೆಯೂ ಈ ಪಟ್ಟಿಗೆ ಸೇರುತ್ತದೆ. ಹೃದಯ ವೈಫಲ್ಯದ, ಅಂದರೆ ಹೃದಯ ದೇಹಕ್ಕೆ ಬೇಕಾದಷ್ಟು ರಕ್ತವನ್ನು ಒತ್ತಲಾಗದ ಸ್ಥಿತಿಯ, 459 ರೋಗಿಗಳನ್ನು ಒಳಗೊಂಡು 2009ರಲ್ಲಿ ಪ್ರಕಟವಾದ ಫೇರ್-ಎಚ್‌ಎಫ್ ಅಧ್ಯಯನದಲ್ಲಿ, ರಕ್ತನಾಳದ ಮೂಲಕ ಕಬ್ಬಿಣಾಂಶ ಪಡೆದವರಲ್ಲಿ ಶೇ. 50ರಷ್ಟು ಜನ ತಾವು ಸಾಕಷ್ಟು ಅಥವಾ ಮಧ್ಯಮ ಮಟ್ಟಿಗೆ ಸುಧಾರಿಸಿದ್ದೇವೆಂದು ಹೇಳಿದರೆ, ಹುಸಿ ಚುಚ್ಚುಮದ್ದು ಪಡೆದವರಲ್ಲಿ ಹಾಗೆ ಹೇಳಿದವರು ಶೇ. 28. ಅಲ್ಲಿ ಫಲ ಕಂಡದ್ದೇ ರೋಗಿಯನ್ನು ಕೇಳಿದ್ದರಿಂದ.

ರೋಗಿಯ ಕಷ್ಟವನ್ನು ಶ್ರೇಣಿಗೆ ಹಾಕುವ ಅತಿ ಹಳೆಯ ಮತ್ತು ಇಂದಿಗೂ ಎಲ್ಲೆಡೆ ಬಳಕೆಯಲ್ಲಿರುವ ಪದ್ಧತಿ 1928ರಲ್ಲಿ ನ್ಯೂಯಾರ್ಕ್ ಹಾರ್ಟ್ ಅಸೋಸಿಯೇಷನ್ ರೂಪಿಸಿದ ನಾಲ್ಕು ವರ್ಗಗಳದ್ದು. ದಿನನಿತ್ಯದ ಕೆಲಸಕ್ಕೆ ಏನೂ ತೊಂದರೆ ಇಲ್ಲದಿದ್ದರೆ ಒಂದನೇ ವರ್ಗ. ದಿನನಿತ್ಯದ ಕೆಲಸದಲ್ಲೇ ದಮ್ಮು, ಆಯಾಸ ಕಂಡರೆ ಎರಡು. ಅದಕ್ಕಿಂತ ಕಡಿಮೆ ಶ್ರಮಕ್ಕೂ ಕಂಡರೆ ಮೂರು. ಸುಮ್ಮನೆ ಕುಳಿತಾಗಲೂ ಇದ್ದರೆ ನಾಲ್ಕು. ಎದೆನೋವಿಗೆ ಕೆನಡಾದ ಹೃದ್ರೋಗ ತಜ್ಞರ ಸಂಘ 1976ರಲ್ಲಿ ಇದೇ ಬಗೆಯ ನಾಲ್ಕು ಶ್ರೇಣಿಗಳನ್ನು ಕೊಟ್ಟಿತು. ಅರ್ಧ ನಿಮಿಷದಲ್ಲಿ ಮುಗಿಯುವ ಕೆಲಸ, ಹಣ ಖರ್ಚಿಲ್ಲ, ಚೀಟಿಯ ಮೂಲೆಯಲ್ಲಿ ಒಂದು ಅಂಕಿ ಬರೆದರೆ ಸಾಕು. ತೊಂದರೆ ಏನೆಂದರೆ ವರ್ಗ ಕೊಡುವವರು ರೋಗಿಯಲ್ಲ, ವೈದ್ಯರು. 'ದಿನನಿತ್ಯದ ಕೆಲಸ' ಎಂದರೆ ಯಾರ ದಿನನಿತ್ಯ? 1981ರ ಒಂದು ಪ್ರಸಿದ್ಧ ಅಧ್ಯಯನದಲ್ಲಿ, ಒಂದೇ ರೋಗಿಯನ್ನು ಇಬ್ಬರು ಬೇರೆಬೇರೆಯಾಗಿ ನೋಡಿದಾಗ ಈ ನ್ಯೂಯಾರ್ಕ್ ವರ್ಗದಲ್ಲಿ ಒಮ್ಮತ ಬಂದದ್ದು ಶೇ. 56ರಷ್ಟು ಸಲ ಮಾತ್ರ. ಮೇಲಾಗಿ ಎರಡನೇ ವರ್ಗವೇ ವಿಶಾಲವಾದ ಕೋಣೆ: ಅದರ ಈ ತುದಿಯಿಂದ ಆ ತುದಿಗೆ ಸುಧಾರಿಸಿದರೂ ಅಂಕಿ ಬದಲಾಗುವುದಿಲ್ಲ.

ಆರು ನಿಮಿಷ ನಡಿಗೆಯ ಪರೀಕ್ಷೆ ಇದಕ್ಕಿಂತ ಗಟ್ಟಿ. ಸುಮಾರು 30 ಮೀಟರ್ ಉದ್ದದ ಸಮತಟ್ಟಾದ ಓಣಿಯಲ್ಲಿ ರೋಗಿಯನ್ನು ತಮ್ಮ ವೇಗದಲ್ಲಿ ಆರು ನಿಮಿಷ ನಡೆಸಿ ಕ್ರಮಿಸಿದ ದೂರವನ್ನು ಬರೆದುಕೊಳ್ಳುತ್ತಾರೆ. ಜಿಲ್ಲಾ ಆಸ್ಪತ್ರೆಯಲ್ಲೂ ಮಾಡಬಹುದಾದ ಪರೀಕ್ಷೆ. ಮೊಣಕಾಲು ನೋವಿರುವವರಲ್ಲಿ ಅದು ಹೃದಯವನ್ನಲ್ಲ, ಮೊಣಕಾಲನ್ನು ಅಳೆಯುತ್ತದೆ ಎಂಬುದನ್ನು ಮಾತ್ರ ಮರೆಯಬಾರದು.

ರೋಗಿಯನ್ನೇ ನೇರವಾಗಿ ಕೇಳುವ ಪ್ರಶ್ನಾವಳಿಗಳು ಬಂದದ್ದು 1980ರ ದಶಕದಿಂದ. ಹೃದಯ ವೈಫಲ್ಯದವರಿಗಾಗಿ 1984ರಲ್ಲಿ ಮಿನ್ನೆಸೋಟದಲ್ಲಿ ಸಿದ್ಧವಾದ ಪ್ರಶ್ನಾವಳಿಯಲ್ಲಿ 21 ಪ್ರಶ್ನೆಗಳು, ಪ್ರತಿಯೊಂದಕ್ಕೆ 0ಯಿಂದ 5, ಒಟ್ಟು 105. ಅಂಕ ಹೆಚ್ಚಿದಷ್ಟೂ ಕಷ್ಟ ಹೆಚ್ಚು. ರಕ್ತನಾಳದ ಕಾಯಿಲೆಯಿಂದ ಎದೆನೋವು ಇರುವವರಿಗಾಗಿ ಅಮೆರಿಕದ ಹೃದ್ರೋಗ ತಜ್ಞ ಜಾನ್ ಸ್ಪರ್ಟಸ್ ಮತ್ತು ಸಂಗಡಿಗರು 1995ರಲ್ಲಿ ಪ್ರಕಟಿಸಿದ ಸಿಯಾಟಲ್ ಆಂಜೈನಾ ಪ್ರಶ್ನಾವಳಿಯಲ್ಲಿ 19 ಪ್ರಶ್ನೆಗಳಿದ್ದು, ಕಳೆದ ನಾಲ್ಕು ವಾರಗಳಲ್ಲಿ ನೋವು ಎಷ್ಟು ಸಲ ಬಂತು, ಯಾವ ಕೆಲಸಕ್ಕೆ ಅಡ್ಡಿಯಾಯಿತು, ನೋವು ಮೊದಲಿಗಿಂತ ಹೆಚ್ಚಿದೆಯೇ, ಚಿಕಿತ್ಸೆ ಸಮಾಧಾನ ತಂದಿದೆಯೇ, ಬದುಕಿನ ಸಂತೋಷಕ್ಕೆ ಎಷ್ಟು ಕುಂದಾಗಿದೆ ಎಂಬ ಐದು ಮುಖಗಳನ್ನು ಅದು ನೋಡುತ್ತದೆ. ಇದೇ ಸ್ಪರ್ಟಸ್ ತಂಡ 2000ದಲ್ಲಿ ಹೃದಯ ವೈಫಲ್ಯಕ್ಕಾಗಿ ಕಾನ್ಸಾಸ್ ಸಿಟಿ ಕಾರ್ಡಿಯೊಮಯೋಪತಿ ಪ್ರಶ್ನಾವಳಿಯನ್ನು ತಂದಿತು. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2020ರಲ್ಲಿ ಅದನ್ನು ಔಷಧ ಪರೀಕ್ಷೆಗಳಲ್ಲಿ ಫಲಿತಾಂಶದ ಮಾನದಂಡವಾಗಿ ಬಳಸಬಹುದೆಂದು ಅಂಗೀಕರಿಸಿತು. ಸ್ಪರ್ಟಸ್ ತಂಡದ ಈ ಎರಡರಲ್ಲೂ ಅಂಕ 0ಯಿಂದ 100, ಹೆಚ್ಚಾದಷ್ಟೂ ಒಳ್ಳೆಯದು. ಮಿನ್ನೆಸೋಟದ್ದು ತಿರುಗುಮುರುಗು ಆಗಿರುವುದರಿಂದ ಫೈಲಿನಲ್ಲಿ ಬರೀ '40' ಎಂದು ಬರೆದಿಟ್ಟರೆ ಅದು ಒಳ್ಳೆಯದೋ ಕೆಟ್ಟದ್ದೋ ಎಂದು ಮುಂದಿನವರಿಗೆ ತಿಳಿಯುವುದಿಲ್ಲ.

ಕಾನ್ಸಾಸ್ ಸಿಟಿ ಪ್ರಶ್ನಾವಳಿಯನ್ನು ಬಿಡಿಸಿ ನೋಡಿದರೆ ಈ ಶಾಸ್ತ್ರದ ಕೆಲಸ ಸ್ಪಷ್ಟವಾಗುತ್ತದೆ. ಅದರಲ್ಲಿ 23 ಅಂಶಗಳಿವೆ, ಕೇಳುವುದು ಕಳೆದ ಎರಡು ವಾರಗಳ ಬಗ್ಗೆ. ಒಟ್ಟು ಅಂಕಕ್ಕೆ ನಾಲ್ಕು ಭಾಗಗಳು ಸೇರುತ್ತವೆ: ದೈಹಿಕ ಮಿತಿ, ಲಕ್ಷಣಗಳು, ಸಾಮಾಜಿಕ ಮಿತಿ, ಬದುಕಿನ ಗುಣಮಟ್ಟ. ದೈಹಿಕ ಮಿತಿಯ ಭಾಗದಲ್ಲಿ ಆರು ಚಟುವಟಿಕೆಗಳನ್ನು ಹೆಸರಿಸಿ, ಪ್ರತಿಯೊಂದರಲ್ಲೂ ಎಷ್ಟು ಅಡ್ಡಿಯಾಯಿತು ಎಂದು ಕೇಳುತ್ತಾರೆ. ಪೂರಾ ಅಡ್ಡಿಯಾಗಿದ್ದರೆ 1, ಅಡ್ಡಿಯೇ ಇಲ್ಲದಿದ್ದರೆ 5. ಆರನೆಯ ಉತ್ತರವೂ ಒಂದಿದೆ: 'ಬೇರೆ ಕಾರಣಕ್ಕೆ ಆಗಲಿಲ್ಲ, ಅಥವಾ ಆ ಕೆಲಸ ಮಾಡಲೇ ಇಲ್ಲ'. ಈ ಉತ್ತರ ಬಂದರೆ ಆ ಅಂಶವನ್ನು ಲೆಕ್ಕದಿಂದ ಬಿಡಬೇಕು. ಕನಿಷ್ಠ ಮೂರು ಚಟುವಟಿಕೆಗಳಿಗೆ ಉತ್ತರ ಇದ್ದರೆ ಸರಾಸರಿ ತೆಗೆದು, ಅದರಿಂದ 1 ಕಳೆದು, 4ರಿಂದ ಭಾಗಿಸಿ, 100ರಿಂದ ಗುಣಿಸಬೇಕು.

ಚಿತ್ತಾಪುರ ತಾಲ್ಲೂಕಿನ ಒಬ್ಬ ರೈತರ ಉತ್ತರಗಳು ಹೀಗಿವೆ ಎಂದು ಊಹಿಸೋಣ. ಬಟ್ಟೆ ಹಾಕಿಕೊಳ್ಳುವುದಕ್ಕೆ 5, ಸ್ನಾನಕ್ಕೆ 4, ಸಮತಟ್ಟಾದ ದಾರಿಯಲ್ಲಿ ಸ್ವಲ್ಪ ದೂರ ನಡೆಯುವುದಕ್ಕೆ 3, ಮನೆಗೆಲಸ ಅಥವಾ ಸಾಮಾನು ಹೊರುವುದಕ್ಕೆ 2, ಬಸ್ಸು ಹಿಡಿಯುವಂತೆ ಅವಸರದಿಂದ ಹೋಗುವುದಕ್ಕೆ 1. ಉಳಿದದ್ದು ನಿಲ್ಲದೆ ಒಂದು ಅಂತಸ್ತು ಮೆಟ್ಟಿಲು ಹತ್ತುವುದು. ಅವರ ಮನೆ ನೆಲಮಟ್ಟದ್ದು. ಎರಡು ವಾರಗಳಲ್ಲಿ ಮೆಟ್ಟಿಲು ಹತ್ತುವ ಪ್ರಸಂಗವೇ ಬಂದಿಲ್ಲ. ಸರಿಯಾಗಿ ಬಿಟ್ಟರೆ ಐದರ ಮೊತ್ತ 15, ಸರಾಸರಿ 3, ಅಂಕ 50. ಕೇಳುವವರು 'ಹತ್ತಿಲ್ಲ ಅಂದರೆ ಆಗುವುದಿಲ್ಲ ಅಂತಲೇ ಅರ್ಥ' ಎಂದುಕೊಂಡು 1 ಹಾಕಿದರೆ ಅಂಕ ಸುಮಾರು 42ಕ್ಕೆ ಇಳಿಯುತ್ತದೆ. 'ತೊಂದರೆ ಆಗಿಲ್ಲವಲ್ಲ' ಎಂದು 5 ಹಾಕಿದರೆ ಸುಮಾರು 58ಕ್ಕೆ ಏರುತ್ತದೆ. ಹೃದಯ ಅದೇ, ಮನುಷ್ಯ ಅವರೇ. ಒಂದು ಗೆರೆಯ ತಪ್ಪು ತಿಳಿವಳಿಕೆಯಿಂದ ಈ ಭಾಗದ ಅಂಕದಲ್ಲಿ 16ಕ್ಕೂ ಹೆಚ್ಚಿನ ವ್ಯತ್ಯಾಸ. ನಾಲ್ಕು ಭಾಗಗಳ ಸರಾಸರಿಯಾದ ಒಟ್ಟು ಅಂಕದಲ್ಲಿ ಅದು ನಾಲ್ಕಕ್ಕೆ ಇಳಿಯುತ್ತದೆ ನಿಜ. ಆದರೂ ಒಟ್ಟು ಅಂಕ 5ರಷ್ಟು ಬದಲಾದರೆ ರೋಗಿಗೆ ಅರಿವಾಗುವ ಚಿಕ್ಕ ಬದಲಾವಣೆ, 10 ಆದರೆ ಮಧ್ಯಮ, 20 ಆದರೆ ದೊಡ್ಡದು ಎಂದು ಪರಿಗಣಿಸುವಾಗ ನಾಲ್ಕು ಅಂಕ ಕಡೆಗಣಿಸುವ ಮಾತಲ್ಲ.

ಅಂಕಿ ಬಂದ ಮಾತ್ರಕ್ಕೆ ಅಳತೆ ಆಯಿತೆಂದಲ್ಲ. ಪ್ರಶ್ನಾವಳಿಯನ್ನು ಬಳಕೆಗೆ ಬಿಡುವ ಮುನ್ನ ಅದಕ್ಕೆ ಕೆಲವು ಪರೀಕ್ಷೆಗಳಿವೆ. ಗಂಜಿನಲ್ಲಿ (ಧಾನ್ಯದ ಮಾರುಕಟ್ಟೆಯಲ್ಲಿ) ತೊಗರಿ ಚೀಲ ತೂಗುವ ತಕ್ಕಡಿಯನ್ನು ನೆನೆದರೆ ಇದು ಬೇಗ ತಿಳಿಯುತ್ತದೆ. ಒಂದೇ ಚೀಲವನ್ನು ಎರಡು ಸಲ ಇಟ್ಟರೆ ಒಂದೇ ತೂಕ ಬರಬೇಕು. ರೋಗಿಯ ಸ್ಥಿತಿ ಬದಲಾಗದಿದ್ದಾಗ ಕೆಲವು ದಿನ ಬಿಟ್ಟು ಮತ್ತೆ ಕೇಳಿದರೂ ಅಂಕ ಹೆಚ್ಚುಕಡಿಮೆ ಅದೇ ಬರಬೇಕು, ಇದು ವಿಶ್ವಾಸಾರ್ಹತೆ. ತೋರಿಸಿದ ತೂಕ ನಿಜವಾದ ತೂಕವೇ ಆಗಿರಬೇಕು; ಹೃದಯದ ದಮ್ಮನ್ನು ಅಳೆಯುತ್ತೇನೆಂದು ಹೊರಟ ಪ್ರಶ್ನೆ ಬೇರೇನನ್ನೋ ಅಳೆಯಬಾರದು, ಇದು ಸಿಂಧುತ್ವ. ಒಂದು ಹಿಡಿ ತೆಗೆದರೂ ಮುಳ್ಳು ಅಲುಗಬೇಕು. ರೋಗಿ ನಿಜವಾಗಿ ಸುಧಾರಿಸಿದಾಗ ಅಂಕವೂ ಏರಬೇಕು, ಇದು ಸ್ಪಂದನಶೀಲತೆ. ಮೂರರಲ್ಲಿ ಕೊನೆಯದನ್ನೇ ಹೆಚ್ಚು ಜನ ಮರೆಯುತ್ತಾರೆ. ಎಲ್ಲ ಕಾಯಿಲೆಗಳಿಗೂ ಒಂದೇ ಎಂಬ ಸಾಮಾನ್ಯ ಪ್ರಶ್ನಾವಳಿಗಳು ಹೃದ್ರೋಗಿಯ ಸಣ್ಣ ಸುಧಾರಣೆಯನ್ನು ಗುರುತಿಸದೆ ಬಿಡುವುದು ಈ ಕಾರಣಕ್ಕೇ.

ಹಾಗೆಂದು ಸಾಮಾನ್ಯ ಪ್ರಶ್ನಾವಳಿಗಳು ನಿರುಪಯೋಗಿ ಅಲ್ಲ. 36 ಪ್ರಶ್ನೆಗಳ, ಎಂಟು ಮುಖಗಳ ಎಸ್‌ಎಫ್-36 ಇದೆ. ವಿಶ್ವ ಆರೋಗ್ಯ ಸಂಸ್ಥೆಯ 26 ಪ್ರಶ್ನೆಗಳ ಕಿರು ಪ್ರಶ್ನಾವಳಿ ದೇಹ, ಮನಸ್ಸು, ಸಂಬಂಧಗಳ ಜತೆಗೆ ಪರಿಸರವನ್ನೂ, ಅಂದರೆ ಹಣ, ಸುರಕ್ಷತೆ, ಆಸ್ಪತ್ರೆ ಎಷ್ಟು ಕೈಗೆಟಕುವಂತಿದೆ, ಓಡಾಡಲು ವಾಹನ ಸಿಗುತ್ತದೆಯೇ ಎಂಬುದನ್ನೂ ಕೇಳುತ್ತದೆ; ಅದನ್ನು ರೂಪಿಸಿದ ಕೇಂದ್ರಗಳಲ್ಲಿ ದೆಹಲಿ ಮತ್ತು ಚೆನ್ನೈ ಕೂಡ ಇದ್ದವು. ಯುರೋಪಿನಲ್ಲಿ ಹುಟ್ಟಿದ ಇಕ್ಯೂ-5ಡಿ ಓಡಾಟ, ಸ್ವಂತ ಆರೈಕೆ, ದಿನದ ಕೆಲಸ, ನೋವು, ಆತಂಕ-ಖಿನ್ನತೆ ಎಂಬ ಐದನ್ನು ಮಾತ್ರ ಕೇಳುತ್ತದೆ. ಪ್ರತಿಯೊಂದಕ್ಕೆ ಐದು ಮಟ್ಟಗಳಿದ್ದು ಒಟ್ಟು 3125 ಸ್ಥಿತಿಗಳಾಗುತ್ತವೆ. ಪ್ರತಿ ಸ್ಥಿತಿಗೂ ಜನರು ಎಷ್ಟು ಬೆಲೆ ಕಟ್ಟುತ್ತಾರೆಂಬ ಭಾರತೀಯ ಮೌಲ್ಯಪಟ್ಟಿ 2022ರಲ್ಲಿ ಪ್ರಕಟವಾಗಿದೆ. ಆ ಮೌಲ್ಯವನ್ನು ಬದುಕಿದ ವರ್ಷಗಳಿಂದ ಗುಣಿಸಿ, ಒಂದು ಚಿಕಿತ್ಸೆಗೆ ಸರ್ಕಾರ ಹಾಕುವ ಹಣ ಎಷ್ಟು ಆರೋಗ್ಯವಂತ ವರ್ಷಗಳನ್ನು ಕೊಡುತ್ತದೆ ಎಂದು ಲೆಕ್ಕ ಹಾಕುತ್ತಾರೆ. ಆರೋಗ್ಯ ವಿಮೆಯ ಪಟ್ಟಿಗೆ ಯಾವ ಚಿಕಿತ್ಸೆ ಸೇರಬೇಕೆಂಬ ಚರ್ಚೆಯಲ್ಲಿ ಇದರ ಉಪಯೋಗ. ಒಬ್ಬ ರೋಗಿಯ ಮಾತ್ರೆ ಬದಲಿಸಲು ಇದು ನೆರವಾಗದು.

ಇನ್ನು ಈ ಪ್ರಶ್ನೆಗಳನ್ನು ನಮ್ಮಲ್ಲಿ ಕೇಳುವ ವಿಷಯ. ಮೂಲ ಪ್ರಶ್ನಾವಳಿಗಳಲ್ಲಿ ತೋಟದ ಕೆಲಸ, ನೆಲಕ್ಕೆ ಯಂತ್ರದಿಂದ ಕಸ ತೆಗೆಯುವುದು, ಟೆನಿಸ್, ಈಜು, ಜಾಗಿಂಗ್ ಬರುತ್ತವೆ. ಇವುಗಳನ್ನು ಕನ್ನಡದ ಅಕ್ಷರಗಳಲ್ಲಿ ಬರೆದರೆ ಅನುವಾದವಾಗುವುದಿಲ್ಲ. ಅಷ್ಟೇ ಶ್ರಮ ಬೇಡುವ ನಮ್ಮ ಕೆಲಸವನ್ನು ಹುಡುಕಬೇಕು. ರೊಟ್ಟಿ ಬಡಿಯುವುದು, ಬೋರ್‌ವೆಲ್‌ನಿಂದ ಕೊಡ ತರುವುದು, ತೊಗರಿ ರಾಶಿ ಮಾಡುವುದು, ಕುಕ್ಕುರುಗಾಲಲ್ಲಿ ಕೂತು ಕಳೆ ತೆಗೆಯುವುದು, ಇವು ಯಾವ ಶ್ರಮಕ್ಕೆ ಸಮ ಎಂಬುದನ್ನು ಊಹೆಯಿಂದ ಹೇಳಲಾಗದು. ಆದ್ದರಿಂದಲೇ ಇದಕ್ಕೊಂದು ಕ್ರಮವಿದೆ. ಇಬ್ಬರು ಬೇರೆಬೇರೆಯಾಗಿ ಕನ್ನಡಕ್ಕೆ ತರುತ್ತಾರೆ, ಎರಡನ್ನೂ ಹೊಂದಿಸುತ್ತಾರೆ, ಮೂಲವನ್ನು ನೋಡದ ಮತ್ತೊಬ್ಬರು ಅದನ್ನು ಹಿಂದಕ್ಕೆ ಇಂಗ್ಲಿಷಿಗೆ ತರುತ್ತಾರೆ, ಕೊನೆಗೆ ಕೆಲವು ರೋಗಿಗಳನ್ನು ಕೂರಿಸಿಕೊಂಡು 'ಈ ಪ್ರಶ್ನೆ ಕೇಳಿದಾಗ ನಿಮಗೆ ಏನು ಅನಿಸಿತು?' ಎಂದು ವಿಚಾರಿಸುತ್ತಾರೆ. ಈ ಕೊನೆಯ ಹಂತವನ್ನು ಹಾರಿಸಿಬಿಡುವುದು ಸಾಮಾನ್ಯ, ಆದರೆ ನನ್ನ ದೃಷ್ಟಿಯಲ್ಲಿ ನಾಲ್ಕರಲ್ಲಿ ಅದೇ ಮುಖ್ಯ. ಬೆಂಗಳೂರಿನ ಪುಸ್ತಕದ ಕನ್ನಡದಲ್ಲಿ 'ಉಸಿರಾಟದ ತೊಂದರೆ' ಎಂದು ಕೇಳಿದಾಗ ಇಲ್ಲವೆಂದು ತಲೆಯಾಡಿಸಿದವರೇ 'ದಮ್ಮ ಬರತದೇನ್ರಿ?' ಎಂದರೆ ಹೌದೆನ್ನುತ್ತಾರೆ. ಈ ಪ್ರಶ್ನಾವಳಿಗಳಲ್ಲಿ ಹಲವಕ್ಕೆ ಹಕ್ಕುಸ್ವಾಮ್ಯವಿದೆ. ಒಬ್ಬ ಸ್ನಾತಕೋತ್ತರ ವಿದ್ಯಾರ್ಥಿ ಪ್ರಬಂಧಕ್ಕೆಂದು ತಮಗೆ ತೋಚಿದಂತೆ ಅನುವಾದಿಸಿಕೊಂಡರೆ ಅನುಮತಿಯ ಪ್ರಶ್ನೆಯೂ ಬರುತ್ತದೆ, ಬಂದ ಅಂಕವನ್ನು ಬೇರೆಯವರ ಅಂಕದೊಂದಿಗೆ ಹೋಲಿಸಲೂ ಆಗುವುದಿಲ್ಲ.

ಕನ್ನಡ ಒಂದೇ ಸಾಲದು ಎಂಬುದೂ ನಿಜ. ಬೀದರಿನ ವಾರ್ಡಿನಲ್ಲಿ ಅಕ್ಕಪಕ್ಕದ ಮಂಚಗಳಲ್ಲಿ ಕನ್ನಡ, ಮರಾಠಿ, ದಖನಿ ಉರ್ದು, ತೆಲುಗು ಕೇಳಿಸುತ್ತವೆ. ತಾಂಡಾಗಳಿಂದ ಬಂದವರ ಮನೆಮಾತು ಲಂಬಾಣಿ. ಓದು ಬಾರದವರಿಗೆ ಹಾಳೆ ಕೊಟ್ಟು ತುಂಬಿಸಿಕೊಳ್ಳುವುದು ಸಾಧ್ಯವಿಲ್ಲದ್ದರಿಂದ ಓದಿ ಹೇಳಬೇಕಾಗುತ್ತದೆ, ಓದಿ ಹೇಳುವವರು ಬದಲಾದರೆ ದನಿಯೂ ಒತ್ತೂ ಬದಲಾಗುತ್ತವೆ. ಔಷಧ ಬರೆದ ವೈದ್ಯರೇ ಎದುರು ಕೂತು ಕೇಳಿದರೆ ರೋಗಿ ಅವರ ಮುಖ ನೋಡಿಕೊಂಡು 'ಛೊಲೊ ಆಗ್ಯಾದ್ರಿ' ಎನ್ನುವ ಸಂಭವ ಹೆಚ್ಚು. ಕೇಳುವವರು ಚಿಕಿತ್ಸೆ ಕೊಡುವವರಲ್ಲದಿದ್ದರೆ, ಪ್ರತಿ ಸಲವೂ ಒಂದೇ ಮಾತಿನಲ್ಲಿ ಕೇಳಿದರೆ, ಉತ್ತರವನ್ನು ತಾವೇ ಸೂಚಿಸದಿದ್ದರೆ ಅಂಕ ನಂಬಲರ್ಹವಾಗುತ್ತದೆ.

ಇದಕ್ಕಿಂತ ದೊಡ್ಡ ತೊಡಕು ಜತೆಗೆ ಬಂದವರದು. ತಾಯಿಯನ್ನು ಕೇಳಿದ ಪ್ರಶ್ನೆಗೆ ಮಗ ಉತ್ತರಿಸುತ್ತಾನೆ, ಸೊಸೆಯನ್ನು ಕೇಳಿದ್ದಕ್ಕೆ ಅತ್ತೆ. ಅವರ ಕಾಳಜಿ ಸುಳ್ಳಲ್ಲ, ಆದರೆ ಮೆಟ್ಟಿಲು ಹತ್ತುವಂಥ ಕಣ್ಣಿಗೆ ಕಾಣುವ ವಿಷಯದಲ್ಲಿ ಮನೆಯವರ ಉತ್ತರ ರೋಗಿಯ ಉತ್ತರಕ್ಕೆ ಹತ್ತಿರವಿದ್ದರೂ ಚಿಂತೆ, ಬೇಸರ, ಸಮಾಧಾನದಂಥ ಒಳಗಿನ ವಿಷಯಗಳಲ್ಲಿ ಬಹಳ ದೂರ ಹೋಗುತ್ತದೆ. ಕಾನ್ಸಾಸ್ ಸಿಟಿ ಪ್ರಶ್ನಾವಳಿಯ ಸಾಮಾಜಿಕ ಮಿತಿಯ ಭಾಗದಲ್ಲಿ ದಾಂಪತ್ಯದ ನಿಕಟತೆಯ ಬಗ್ಗೆಯೂ ಒಂದು ಅಂಶವಿದೆ. ಮಾವನ ಎದುರು ಅದನ್ನು ಸೊಸೆಗೆ ಕೇಳುವುದು ಅಸಭ್ಯವಷ್ಟೇ ಅಲ್ಲ, ನಿಷ್ಪ್ರಯೋಜಕ ಕೂಡ. ಹಾಗೆಂದು ಸುಮ್ಮನೆ ಬಿಟ್ಟುಬಿಟ್ಟರೆ, ಹೃದಯಾಘಾತದ ನಂತರ ಅನೇಕ ದಂಪತಿಗಳನ್ನು ಹೆದರಿಸುವ, ಆದರೆ ಯಾರೂ ಬಾಯಿಬಿಟ್ಟು ಕೇಳದ ಸಂಗತಿಯೊಂದು ಎಂದೂ ದಾಖಲಾಗುವುದಿಲ್ಲ. ಐದು ನಿಮಿಷ ಮರೆಯಾದ ಜಾಗ, ಮಹಿಳೆಯರನ್ನು ಕೇಳಲು ಮಹಿಳಾ ಸಿಬ್ಬಂದಿ ಇದ್ದರೆ ಉತ್ತರ ಸಿಗುತ್ತದೆ.

ಕಾಲಮಾನವನ್ನೂ ಗಮನಿಸಬೇಕು. ಪ್ರಶ್ನೆ ಕೇಳುವುದು ಎರಡು ಅಥವಾ ನಾಲ್ಕು ವಾರಗಳ ಬಗ್ಗೆ. ರಾಶಿಯ ದಿನಗಳಲ್ಲಿ ಡಿಸೆಂಬರ್-ಜನವರಿಯಲ್ಲಿ ಕೇಳಿದರೆ ರೈತರು ಮೈಮುರಿದು ದುಡಿದ ಎರಡು ವಾರ ಅದು. ಉಷ್ಣತೆ 40 ಡಿಗ್ರಿ ದಾಟಿದ ಏಪ್ರಿಲ್-ಮೇ ತಿಂಗಳಲ್ಲಿ ಕೇಳಿದರೆ ಹೊಲದಲ್ಲಿ ಕೆಲಸವಿಲ್ಲ, ಹಗಲಲ್ಲಿ ಹೊರಗೆ ಕಾಲಿಡುವವರೂ ಕಡಿಮೆ. ಕೆಲಸ ಮಾಡದಿದ್ದಾಗ ಎದೆನೋವೂ ಬರುವುದಿಲ್ಲ. ಹೀಗಾಗಿ ಡಿಸೆಂಬರಿನಲ್ಲಿ ವಾರಕ್ಕೆ ಮೂರು ಸಲ ಇದ್ದ ನೋವು ಮೇ ತಿಂಗಳಲ್ಲಿ ಇಲ್ಲವೆಂದಾದರೆ ಅದು ಮಾತ್ರೆಯ ಗುಣವೋ ಬಿಸಿಲಿನದೋ ಎಂದು ಬರೀ ನೋವಿನ ಲೆಕ್ಕದಿಂದ ಹೇಳಲಾಗದು. ಎದೆನೋವಿನ ರೋಗಿಗಳಲ್ಲಿ ವರ್ಷದುದ್ದಕ್ಕೂ ಇದೇ ನಡೆಯುತ್ತದೆ: ನೋವು ಬಾರದಂತೆ ತಮ್ಮ ಬದುಕನ್ನೇ ಸ್ವಲ್ಪಸ್ವಲ್ಪವಾಗಿ ಕಿರಿದು ಮಾಡಿಕೊಳ್ಳುತ್ತಾರೆ. ಮೊದಲು ಹೊಲ ಬಿಡುತ್ತಾರೆ, ಆಮೇಲೆ ಸಂತೆ, ಆಮೇಲೆ ಶರಣಬಸವೇಶ್ವರರ ಜಾತ್ರೆ. 'ಈಗ ನೋವಿಲ್ಲ' ಎಂಬ ಮಾತು ಆಗ ಸತ್ಯವೇ, ಆದರೆ ಅರ್ಧ ಸತ್ಯ. ನೋವಿನ ಸಂಖ್ಯೆಯನ್ನೂ ಮಾಡುತ್ತಿರುವ ಕೆಲಸವನ್ನೂ ಪ್ರಶ್ನಾವಳಿಗಳು ಬೇರೆಬೇರೆ ಭಾಗಗಳಲ್ಲಿ ಕೇಳುವುದು ಇದಕ್ಕಾಗಿಯೇ, ಮತ್ತು ಎಲ್ಲವನ್ನೂ ಕೂಡಿ ಬಂದ ಒಂದೇ ಅಂಕವನ್ನು ನೋಡಿ ಫೈಲು ಮುಚ್ಚಬಾರದು ಎನ್ನುವುದೂ ಇದಕ್ಕಾಗಿಯೇ.

ಮನಸ್ಸಿನ ಸ್ಥಿತಿ ಈ ಅಂಕಗಳನ್ನು ಎಷ್ಟು ಎಳೆದಾಡುತ್ತದೆ ಎಂಬುದಕ್ಕೆ 2003ರಲ್ಲಿ ಪ್ರಕಟವಾದ ಅಮೆರಿಕದ ಹಾರ್ಟ್ ಅಂಡ್ ಸೋಲ್ ಅಧ್ಯಯನ ಸಾಕ್ಷಿ. ರಕ್ತನಾಳದ ಕಾಯಿಲೆಯಿದ್ದ 1024 ಜನರಲ್ಲಿ, ಲಕ್ಷಣಗಳ ಹೊರೆ, ದೈಹಿಕ ಮಿತಿ, ಬದುಕಿನ ಗುಣಮಟ್ಟ ಮೂರೂ ಖಿನ್ನತೆಯೊಂದಿಗೆ ಬಲವಾಗಿ ತಳುಕು ಹಾಕಿಕೊಂಡಿದ್ದವು. ಇಜೆಕ್ಷನ್ ಫ್ರ್ಯಾಕ್ಷನ್ನಿಗೆ ಅಷ್ಟು ನಂಟು ಕಾಣಲಿಲ್ಲ. ಹೃದಯಾಘಾತವಾದವರಲ್ಲಿ ಸುಮಾರು ಐವರಲ್ಲಿ ಒಬ್ಬರಿಗೆ ಖಿನ್ನತೆ ಇರುತ್ತದೆ. ಅಂಕ ಕಡಿಮೆ ಬಂದಾಗ ಔಷಧದ ಪ್ರಮಾಣ ಏರಿಸುವ ಮುನ್ನ ಖಿನ್ನತೆಯನ್ನು ಅಳೆಯುವ ಒಂಬತ್ತು ಪ್ರಶ್ನೆಗಳ ಪಿಎಚ್‌ಕ್ಯೂ-9 ಕೇಳುವುದು ಒಳ್ಳೆಯದು; 27ರಲ್ಲಿ 10 ಅಥವಾ ಹೆಚ್ಚು ಬಂದರೆ ಮನೋವೈದ್ಯರ ನೆರವು ಬೇಕಾಗಬಹುದು. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ರಲ್ಲಿ ಕನ್ನಡದಲ್ಲೇ ಮಾತಾಡಬಹುದು.

ಈ ಅಳತೆಗಳಿಂದ ಚಿಕಿತ್ಸೆಯ ತೀರ್ಮಾನ ಬದಲಾಗುತ್ತದೆಯೇ? ಬದಲಾಗುತ್ತದೆ, ಕಟ್ಟಿಕೊಂಡ ರಕ್ತನಾಳವನ್ನು ತೆರೆದಿಡಲು ಹಾಕುವ ಸ್ಟೆಂಟ್ ಅದಕ್ಕೆ ಅತ್ಯುತ್ತಮ ಉದಾಹರಣೆ. ಹೃದಯಾಘಾತ ಆಗುತ್ತಿರುವ ಹೊತ್ತಿನಲ್ಲಿ ಸ್ಟೆಂಟ್ ಜೀವ ಉಳಿಸುತ್ತದೆ, ಅದರಲ್ಲಿ ಎರಡು ಮಾತಿಲ್ಲ. ಶ್ರಮಪಟ್ಟಾಗ ಬಂದು, ನಿಂತರೆ ಇಳಿಯುವ 'ಸ್ಥಿರ' ಎದೆನೋವಿನ ಮಾತು ಬೇರೆ. ಭಾರತವೂ ಸೇರಿ 37 ದೇಶಗಳ 5179 ರೋಗಿಗಳನ್ನು ಒಳಗೊಂಡ ಇಸ್ಕೀಮಿಯಾ ಅಧ್ಯಯನದ ಫಲಿತಾಂಶ 2020ರಲ್ಲಿ ಬಂತು. ಔಷಧದ ಜತೆಗೆ ಆಂಜಿಯೋಗ್ರಾಂ ಮಾಡಿ ಸ್ಟೆಂಟ್ ಅಥವಾ ಬೈಪಾಸ್ ಮಾಡಿಸಿಕೊಂಡವರಿಗೂ, ಔಷಧದಿಂದಲೇ ಆರಂಭಿಸಿದವರಿಗೂ ಸಾವಿನ ಪ್ರಮಾಣದಲ್ಲಿ ಗಮನಾರ್ಹ ವ್ಯತ್ಯಾಸ ಕಾಣಲಿಲ್ಲ. ಆದರೆ ಸಿಯಾಟಲ್ ಪ್ರಶ್ನಾವಳಿಯ ಅಂಕ ನೋಡಿದಾಗ, ದಿನವೂ ಅಥವಾ ವಾರವಾರವೂ ನೋವಿದ್ದವರಲ್ಲಿ ಮೂರು ತಿಂಗಳಿಗೆ 8.5 ಅಂಕಗಳ ಲಾಭ, ನೋವೇ ಇಲ್ಲದವರಲ್ಲಿ 0.1. ಅಂದರೆ ಆಂಜಿಯೋಗ್ರಾಂ ಚಿತ್ರ ಒಂದೇ ಬಗೆಯದಾಗಿದ್ದರೂ ಯಾರಿಗೆ ಉಪಯೋಗ ಎಂಬುದನ್ನು ಹೇಳಿದ್ದು ರೋಗಿಯ ಉತ್ತರ. 'ನಿಮಗೆ ನೋವು ಎಷ್ಟು ಸಲ ಬರುತ್ತದೆ?' ಎಂದು ಸರಿಯಾಗಿ ಕೇಳದೆ ಸಾಲ ಮಾಡಿ ಸ್ಟೆಂಟ್ ಹಾಕಿಸಿಕೊಳ್ಳಿ ಎನ್ನುವುದಾಗಲಿ, ಬೇಡ ಎನ್ನುವುದಾಗಲಿ ಸರಿಯಲ್ಲ ಎಂಬುದು ಇದರಿಂದ ಹೊರಡುವ ಅರ್ಥ.

ರೋಗಿಯ ಮಾತನ್ನು ಅಳೆಯುವಾಗ ನಂಬಿಕೆಯ ಪರಿಣಾಮವೂ ಸೇರಿಕೊಳ್ಳುತ್ತದೆ ಎಂಬುದನ್ನು ಒಪ್ಪಿಕೊಳ್ಳಲೇಬೇಕು. ಬ್ರಿಟನ್ನಿನಲ್ಲಿ 2017ರಲ್ಲಿ ಪ್ರಕಟವಾದ ಆರ್ಬಿಟಾ ಅಧ್ಯಯನದಲ್ಲಿ 200 ರೋಗಿಗಳಲ್ಲಿ ಕೆಲವರಿಗೆ ಸ್ಟೆಂಟ್ ಹಾಕಿ, ಉಳಿದವರಿಗೆ ಹಾಕಿದಂತೆ ಮಾಡಿ ಬಿಟ್ಟರು. ಯಾರಿಗೆ ಯಾವುದು ಎಂದು ರೋಗಿಗಳಿಗೆ ತಿಳಿಸಲಿಲ್ಲ. ಆರು ವಾರಗಳ ನಂತರ ವ್ಯಾಯಾಮದ ಅವಧಿಯಲ್ಲಿ ಎರಡು ಗುಂಪುಗಳ ನಡುವೆ ಇದ್ದ 16.6 ಸೆಕೆಂಡಿನ ಅಂತರ ಸಂಖ್ಯಾಶಾಸ್ತ್ರದ ಲೆಕ್ಕದಲ್ಲಿ ನಿಲ್ಲಲಿಲ್ಲ. ಎದೆನೋವಿನ ಮಾತ್ರೆಗಳನ್ನು ನಿಲ್ಲಿಸಿ 301 ರೋಗಿಗಳಲ್ಲಿ ನಡೆಸಿದ ಆರ್ಬಿಟಾ-2 ಅಧ್ಯಯನ 2023ರಲ್ಲಿ ಬಂದು, ಸ್ಟೆಂಟ್ ನಿಜವಾಗಿಯೂ ನೋವು ಕಡಿಮೆ ಮಾಡುತ್ತದೆಂದು ತೋರಿಸಿತು. ಎರಡೂ ಸೇರಿ ಹೇಳುವುದು ಇಷ್ಟು: ಹೊಸ ಚಿಕಿತ್ಸೆಯ ಗುಣವನ್ನು ರೋಗಿಯ ಅಂಕದಿಂದ ಅಳೆಯಬೇಕಾದರೆ ಹೋಲಿಕೆಯ ಗುಂಪು ಇರಲೇಬೇಕು. ಒಬ್ಬ ರೋಗಿಯನ್ನು ಕಾಲಕಾಲಕ್ಕೆ ಗಮನಿಸುವಾಗ ಈ ಕಟ್ಟುನಿಟ್ಟು ಬೇಡ. ಅಲ್ಲಿ ಸುಧಾರಣೆ ಯಾವುದರಿಂದ ಆಯಿತು ಎಂಬುದಕ್ಕಿಂತ ಆಗಿದೆಯೇ, ನಿಂತಿದೆಯೇ ಎಂಬುದು ಮುಖ್ಯ.

ಗುಂಪಿನ ಸರಾಸರಿ ಓದುವಾಗ ಮತ್ತೊಂದು ಬಲೆಯಿದೆ. ಆರು ತಿಂಗಳ ನಂತರ ಅಂಕ ತುಂಬಲು ಬಂದವರು ಬದುಕಿ ಉಳಿದವರು, ಬಸ್ಸು ಹತ್ತಿ ಬರುವಷ್ಟು ಶಕ್ತಿ ಇದ್ದವರು. ತೀರಿಕೊಂಡವರು, ಹಾಸಿಗೆ ಹಿಡಿದವರು, ದುಡಿಮೆಗೆಂದು ಮುಂಬೈ-ಪುಣೆಗೆ ಹೋದವರು ಲೆಕ್ಕದಿಂದ ಜಾರುತ್ತಾರೆ. ಸರಾಸರಿ ಏರಿದೆ ಎಂದು ತೋರುವ ವರದಿಯಲ್ಲಿ ಎಷ್ಟು ಜನ ಮರಳಿ ಬಂದಿಲ್ಲ ಎಂಬ ಸಂಖ್ಯೆಯನ್ನು ಮೊದಲು ಹುಡುಕಬೇಕು. ಇನ್ನು ಕೆಲವರಲ್ಲಿ ಕಾಯಿಲೆ ಹಾಗೆಯೇ ಇದ್ದರೂ ಅಳೆಯುವ ಮನಸ್ಸೇ ಬದಲಾಗುತ್ತದೆ. ವರ್ಷದ ಹಿಂದೆ ಹೊಲಕ್ಕೆ ಹೋಗಲಾಗದ್ದಕ್ಕೆ ಕುಗ್ಗಿದ್ದವರು ಈಗ ಕಟ್ಟೆಯ ಮೇಲೆ ಕೂತು ಮೊಮ್ಮಕ್ಕಳೊಂದಿಗೆ ಮಾತಾಡುವುದರಲ್ಲೇ ತೃಪ್ತಿ ಕಂಡು ಹೆಚ್ಚಿನ ಅಂಕ ಕೊಡುತ್ತಾರೆ. ಇದನ್ನು ತಪ್ಪು ಅಳತೆ ಎನ್ನುವವರಿದ್ದಾರೆ. ಬದುಕಿನ ಗುಣಮಟ್ಟವನ್ನು ರೋಗಿಯ ಸ್ವಂತ ತೀರ್ಪು ಎಂದು ಒಪ್ಪಿಕೊಂಡ ಮೇಲೆ ಇದನ್ನೂ ಒಪ್ಪಬೇಕಾಗುತ್ತದೆ ಎಂದು ನನಗನಿಸುತ್ತದೆ. ದೈಹಿಕ ಮಿತಿಯ ಅಂಕ ಪಕ್ಕದಲ್ಲೇ ಇದ್ದರೆ ದಾರಿ ತಪ್ಪುವ ಭಯವಿಲ್ಲ.

ಇಪ್ಪತ್ತಮೂರು ಅಂಶಗಳನ್ನು ಕೇಳಲು ಜನದಟ್ಟಣೆಯ ಹೊರರೋಗಿ ವಿಭಾಗದಲ್ಲಿ ಸಮಯವೆಲ್ಲಿದೆ ಎಂಬ ಆಕ್ಷೇಪ ನ್ಯಾಯವಾದದ್ದೇ. ಅದಕ್ಕಾಗಿಯೇ ಸಿಯಾಟಲ್ ಪ್ರಶ್ನಾವಳಿಯ ಏಳು ಪ್ರಶ್ನೆಗಳ, ಕಾನ್ಸಾಸ್ ಸಿಟಿ ಪ್ರಶ್ನಾವಳಿಯ ಹನ್ನೆರಡು ಪ್ರಶ್ನೆಗಳ ಕಿರು ರೂಪಗಳು ಬಂದಿವೆ. ಎಕೋ ಸರದಿಗೆ ಕಾಯುವ ಹೊತ್ತಿನಲ್ಲಿ ತರಬೇತಿ ಪಡೆದ ಒಬ್ಬ ಶುಶ್ರೂಷಕಿ ಅವನ್ನು ಕೆಲವೇ ನಿಮಿಷಗಳಲ್ಲಿ ಕೇಳಿ ಮುಗಿಸಬಲ್ಲರು. ಕಾನ್ಸಾಸ್ ಸಿಟಿ ಅಂಕ 25ಕ್ಕಿಂತ ಕಡಿಮೆ ಬಂದವರು ಮತ್ತೆ ಆಸ್ಪತ್ರೆ ಸೇರುವ, ಸಾಯುವ ಅಪಾಯ ಹೆಚ್ಚಿರುವವರು. 75 ದಾಟಿದವರ ಸ್ಥಿತಿ ಚೆನ್ನಾಗಿದೆ ಎಂದು ಭಾವಿಸಬಹುದು. ಹಿಂದಿನ ಭೇಟಿಗಿಂತ 10 ಅಂಕ ಕುಸಿದವರನ್ನು, ಎಕೋ ಅಂಕಿ ಹಾಗೆಯೇ ಇದ್ದರೂ, ಮಾತ್ರೆ ತಪ್ಪಿಸಿದ್ದಾರೆಯೇ, ಕಾಲು ಬಾತಿದೆಯೇ, ಉಪ್ಪಿನಕಾಯಿ-ಹಪ್ಪಳ ಹೆಚ್ಚಾಗಿದೆಯೇ, ರಕ್ತ ಕಡಿಮೆಯಾಗಿದೆಯೇ ಎಂದು ಅಂದೇ ವಿಚಾರಿಸಬೇಕು. ಅಂಕದ ಜತೆಗೆ ಹಾಳೆಯ ಮೇಲೆ ನಾಲ್ಕು ವಿವರಗಳಿರಬೇಕು: ಯಾವ ಪ್ರಶ್ನಾವಳಿ, ಯಾವ ಭಾಷೆಯಲ್ಲಿ, ಯಾವ ದಿನ, ಉತ್ತರಿಸಿದವರು ರೋಗಿಯೋ ಮನೆಯವರೋ. ಮನೆಯವರು ಉತ್ತರಿಸಿದ ಹಾಳೆಯನ್ನು ಎಸೆಯುವ ಅಗತ್ಯವಿಲ್ಲ, ಆದರೆ ಮುಂದಿನ ಸಲ ರೋಗಿಯೇ ಹೇಳಿದ ಅಂಕದ ಪಕ್ಕದಲ್ಲಿ ಅದನ್ನಿಟ್ಟು ಏರಿತು, ಇಳಿಯಿತು ಎನ್ನಬಾರದು.